ಯಾವ ಕಂಪನಿ ಅಂತ ಕೇಳಬೇಡಿ, ಪೆನ್‌ಡ್ರೈವ್ ತಗೊಂಡು ಹೋಗಿ

ಪ್ರಶ್ನೆ: ಮಗಳು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೇರಿದ್ದಾಳೆ. ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುತ್ತಾಳಂತೆ. ಯಾವ ಕಂಪನಿ ಲ್ಯಾಪ್‌ಟಾಪ್ ಒಳ್ಳೆಯದು? ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. (ತೀರ್ಥಹಳ್ಳಿಯ ಓದುಗರು)

ಉತ್ತರ: ಕಾಲೇಜು ಶುರುವಾದರೆ ಸಾಕು, ಇದೇ ಪ್ರಶ್ನೆ. ಕಂಪನಿ ನೋಡಿ ಏನೂ ಗೊತ್ತಾಗಲ್ಲ ಸ್ವಾಮಿ. ಒಂದೇ ಕಂಪನಿಯ ಒಂದು ಮಾಡೆಲ್ ಸಲೀಸಾಗಿ ಓಡುತ್ತದೆ, ಇನ್ನೊಂದರಲ್ಲಿ ವೈಫೈ ಕಣ್ಣೇ ಬಿಡಲ್ಲ. ಒಳಗಿರುವ ವೈಫೈ ಚಿಪ್ ಯಾವುದು ಅಂತ ಕೇಳಿ. ಇಂಟೆಲ್ ಆದರೆ ಸಾಮಾನ್ಯವಾಗಿ ತಲೆನೋವಿಲ್ಲ, ಚಿಪ್ ಓಡಿಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಬ್ರಾಡ್‌ಕಾಮ್ ಆದರೆ ಎಷ್ಟೋ ಸಲ ಡ್ರೈವರ್ ಬೇರೆ ಇಳಿಸಬೇಕು. ಇಳಿಸೋಕೆ ನೆಟ್ ಬೇಕು, ನೆಟ್‌ಗೆ ವೈಫೈ ಬೇಕು! ಫೋನಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿ ಟೆದರಿಂಗ್ (ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿದರೆ ದಾರಿ ಇದೆ. ನಿಮ್ಮ ಕಡೆ ಫೋನಿಗೆ ಸಿಗ್ನಲ್ ಇದ್ದರೆ.

ಸೆಕೆಂಡ್ ಹ್ಯಾಂಡ್‌ಗೆ ಇದು ಒಳ್ಳೆ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೆಯ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪಲ್ಲ, ಹಾಗಾಗಿ ಅಂಥವನ್ನು ಮಾರುತ್ತಿದ್ದಾರೆ. ಲಿನಕ್ಸ್‌ಗೆ ಆ ಮಡಿ ಇಲ್ಲ. ಆಫೀಸುಗಳಲ್ಲಿ ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್ ಹುಡುಕಿ. ನನ್ನ ಆಯ್ಕೆ ಥಿಂಕ್‌ಪ್ಯಾಡ್ ಟಿ480. ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ಬ್ಯಾಟರಿಯೂ ಎರಡು: ಒಂದು ಒಳಗೆ, ಇನ್ನೊಂದು ಹೊರಗಿನಿಂದ ಬದಲಿಸುವಂಥದ್ದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ.

ಅಂಗಡಿಗೆ ಹೋಗುವಾಗ ಲಿನಕ್ಸ್ ಮಿಂಟ್ (ಲಿನಕ್ಸ್‌ನ ಒಂದು ಬಗೆ) ಹಾಕಿದ ಪೆನ್‌ಡ್ರೈವ್ ಜೇಬಲ್ಲಿರಲಿ. ಇನ್‌ಸ್ಟಾಲ್ ಮಾಡದೇ ಅದರಿಂದಲೇ ಬೂಟ್ ಮಾಡಿ, ಅಂದರೆ ಲ್ಯಾಪ್‌ಟಾಪ್ ಶುರು ಮಾಡಿ. ವೈಫೈ, ಸೌಂಡ್, ಕ್ಯಾಮೆರಾ, ಬ್ರೈಟ್‌ನೆಸ್ ಕೀ ನೋಡಿ. ಮುಚ್ಚಳ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ತೆಗೆಯಿರಿ. ಪರದೆ ಕಪ್ಪಾಗೇ ಉಳಿದರೆ ನಮಸ್ಕಾರ ಹೇಳಿ ಬನ್ನಿ. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಅನ್ನೋದನ್ನೂ ಲಿನಕ್ಸ್ ತೋರಿಸುತ್ತದೆ. 48 ವ್ಯಾಟ್‌ಅವರ್‌ನದ್ದು 20ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿ ದುಡ್ಡು ಕಳೆದು ಚೌಕಾಸಿ ಮಾಡಿ. ಕೊನೆಗೆ ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಮೂಲ ಸೆಟ್ಟಿಂಗ್) ತೆರೆಯಿರಿ. ಪಾಸ್‌ವರ್ಡ್ ಕೇಳಿತಾ? ಅರ್ಧ ರೇಟಿಗೆ ಕೊಟ್ಟರೂ ಬೇಡ.

ಬೂಟ್ ಮಾಡೋಕೆ ಬಿಡದ ಅಂಗಡಿಯಲ್ಲಿ ನಾನಂತೂ ತಗೊಳ್ಳಲ್ಲ. "ಲಿನಕ್ಸ್ ಹಾಕಿದ್ರೆ ಮದರ್‌ಬೋರ್ಡ್ ಹೋಗುತ್ತೆ" ಅನ್ನುವ ಪಂಡಿತರಿದ್ದಾರೆ, ಸುಳ್ಳು. "ಸ್ಪೆಷಲ್ ಲಿನಕ್ಸ್" ಅಂತ ಸಾವಿರಾರು ರೂಪಾಯಿ ಕೀಳುವವರೂ ಇದ್ದಾರೆ. ಮಿಂಟ್ ಪುಕ್ಕಟೆ ಸಿಗುತ್ತದೆ, ಮಗಳೇ ಹಾಕಿಕೊಳ್ಳಲಿ.

ಪ್ರಶ್ನೆ: ಗೇಮ್ ಆಡಲ್ಲ. ಆದರೂ ಎನ್ವಿಡಿಯಾ ಗ್ರಾಫಿಕ್ಸ್ ಇರೋದು ತಗೊಳ್ಳಲಾ? (ಸಾಗರ)

ಉತ್ತರ: ಗೇಮ್ ಆಡಲ್ಲ ಅಂದ ಮೇಲೆ ಯಾಕೆ? ಬೇಡ.

ಪ್ರಶ್ನೆ: ಲಿನಕ್ಸ್‌ಗೆ ಯಾವ ಆಂಟಿವೈರಸ್? (ಭದ್ರಾವತಿ)

ಉತ್ತರ: ಯಾವುದೂ ಬೇಡ. ಅಪ್‌ಡೇಟ್ ಬಂದಾಗ ಸುಮ್ನೆ ಮುಂದೂಡಬೇಡಿ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ರೂಢಿ. ಲಿನಕ್ಸ್‌ನಲ್ಲಿ ಆಗುತ್ತಾ? (ಹೊಸನಗರ)

ಉತ್ತರ: ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ವಿನ್ಯಾಸ ಆರಿಸಿ. ನುಡಿಯ ಕೀ ಜೋಡಣೆಗೆ ಹತ್ತಿರ, ಬೆರಳಿಗೆ ಅಷ್ಟು ಹೊಸದನ್ನಿಸಲ್ಲ. ಯುನಿಕೋಡ್ (ಎಲ್ಲ ಕಂಪ್ಯೂಟರಲ್ಲೂ ಓದಬಹುದಾದ ಅಕ್ಷರ ಪದ್ಧತಿ) ಅಲ್ಲದ ಹಳೆಯ ನುಡಿ ಫೈಲುಗಳಿದ್ದರೆ ಮಾತ್ರ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.