ದುಂಡಗಾದ ಬಾಲ
ಮರ್ಸಿಡಿಸ್‌ನ ಪ್ರಾಯೋಗಿಕ ವಿದ್ಯುತ್ ಕಾರಾದ ವಿಷನ್ ಇಕ್ಯೂಎಕ್ಸ್‌ಎಕ್ಸ್‌ನಂಥದ್ದನ್ನು ವಿನ್ಯಾಸ ಮಾಡಲು ಯಾವ ತ್ರೀಡಿ ಸಾಫ್ಟ್‌ವೇರ್ ಕಲಿಯಬೇಕೆಂದು ಕೇಳಿದ್ದೀರಿ. 2022ರಲ್ಲಿ ಆ ಕಾರಿನ ಚಿತ್ರ ಕಂಡು, ಸಾಲ ಮಾಡಿ ಗ್ರಾಫಿಕ್ಸ್ ಕಾರ್ಡ್ ಕೊಂಡವನು ನಾನು.

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನೀರಹನಿಯಂಥ ಕಾರೊಂದನ್ನು ರಚಿಸಿದ್ದೆ. ಅದರ ಬಾಲ ಮುಗಿಯುವಲ್ಲಿ ಚೂಪಾದ ಅಂಚಿತ್ತು. ಪರದೆಯ ಮೇಲೆ ಅದು ಒರಟಾಗಿ ಕಾಣುತ್ತದೆಂದು ಒಂದು ರಾತ್ರಿ ಅದನ್ನು ಬೆಣ್ಣೆಮುದ್ದೆಯಂತೆ ದುಂಡಗೆ ಮಾಡಿಬಿಟ್ಟೆ. ಮೈಗೆ ಅಂಟಿಕೊಂಡು ಹರಿದುಬರುವ ಗಾಳಿ ಹಿಂದೆ ಎಲ್ಲಾದರೂ ಕಳಚಿಕೊಳ್ಳಲೇಬೇಕು. ಅಂಚು ಚೂಪಾಗಿದ್ದರೆ ಅದೇ ಗೆರೆಯಲ್ಲಿ ಬಿಟ್ಟುಹೋಗುತ್ತದೆ, ದುಂಡಗಿದ್ದರೆ ತಿರುವನ್ನು ಸುತ್ತಲು ಹೋಗಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಆ ಕುಸಿದ ಒತ್ತಡವೇ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಗಾಳಿ ಬಿಟ್ಟುಹೋಗುವ ಜಾಗವೂ ಒಂದೆಡೆ ನಿಲ್ಲುವುದಿಲ್ಲ. ಇಷ್ಟೆಲ್ಲ ಪಠ್ಯದಲ್ಲಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮಾದರಿಯ ಮೈಗೆ ಕೆಂಪು ಉಣ್ಣೆಯ ಎಳೆಗಳನ್ನು ಅಂಟಿಸಿ, ಕಾಲೇಜಿನ ಗಾಳಿಸುರಂಗದಲ್ಲಿಟ್ಟು ಫ್ಯಾನ್ ಹಾಕಿದಾಗ ಛಾವಣಿಯ ಎಳೆಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಮಲಗಿದವು. ಬಾಲದವು ಬಲೆಗೆ ಬಿದ್ದ ಮೀನಿನಂತೆ ಒದ್ದಾಡಿದವು. ತರಬೇತಿಗೆ ಒಬ್ಬರನ್ನು ಆರಿಸಲು ಬಂದಿದ್ದ ಕಂಪನಿಯ ಎಂಜಿನಿಯರ್ ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಇದು ದುಂಡಗೇಕೆ ಎಂದರು. ಚೆಂದ ಕಾಣುತ್ತದೆ ಎಂದೆ. ಆ ಅವಕಾಶ ಲಾರಿಯ ತಲೆಗೆ ತಗಡಿನ ಗಾಳಿತಡೆ ಮಾಡಿದ್ದ ಸಹಪಾಠಿಗೆ ಹೋಯಿತು. (ಅದು ನಿಜಕ್ಕೂ ಕುರೂಪವಾಗಿತ್ತು.)

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಕ್ಯೂಎಕ್ಸ್‌ಎಕ್ಸ್‌ನ ಒಳಗೆ ನೀವು ಮೆಚ್ಚಿರುವ ಆ 47.5 ಅಂಗುಲದ ಪರದೆಯಿಂದ ಕಾರು ಒಂದು ಕಿಲೋಮೀಟರೂ ಹೆಚ್ಚು ಓಡದು. ಅದರ ಜಾಣ್ಮೆಯಿರುವುದು ಉದ್ದಕ್ಕೆ ಇಳಿದು ಥಟ್ಟನೆ ಕತ್ತರಿಸಿದಂತೆ ಮುಗಿಯುವ ಬಾಲದಲ್ಲಿ, ಮುಂದಿನ ಗಾಲಿಗಳ ಮರೆಯಲ್ಲಿ ಉರುಳಲೆಂದು ಹಿಂದಿನ ಗಾಲಿಗಳ ನಡುವಿನ ಅಂತರವನ್ನು 50 ಮಿಲಿಮೀಟರ್ ತಗ್ಗಿಸಿರುವುದರಲ್ಲಿ, ವೇಗ ಹೆಚ್ಚಿದಾಗ ಹಿಂಭಾಗದ ಅಡಿಯಿಂದ ಹೊರಚಾಚಿ, ಕಾರಿನ ಕೆಳಗಿನ ಗಾಳಿಯನ್ನು ನಯವಾಗಿ ಹೊರಬಿಡುವ ಡಿಫ್ಯೂಸರ್ ಎಂಬ ಭಾಗದಲ್ಲಿ. ಗಾಳಿಯ ಪ್ರತಿರೋಧದ ಗುಣಾಂಕ 0.17ಕ್ಕೆ ಇಳಿದದ್ದು ಹೀಗೆ. 100 ಕಿಲೋವ್ಯಾಟ್-ಗಂಟೆಗೂ ತುಸು ಕಡಿಮೆ ಬ್ಯಾಟರಿಯಲ್ಲಿ, ಒಂದೇ ಚಾರ್ಜಿಗೆ, 2022ರ ಏಪ್ರಿಲ್‌ನಲ್ಲಿ ಜರ್ಮನಿಯ ಸಿಂಡೆಲ್‌ಫಿಂಗನ್‌ನಿಂದ ಫ್ರಾನ್ಸಿನ ಕ್ಯಾಸಿಸ್‌ವರೆಗೆ 1,000 ಕಿಲೋಮೀಟರಿಗೂ ಹೆಚ್ಚು ದೂರ ಅದು ಓಡಿತು. ಛಾವಣಿಯ 117 ಸೌರಕೋಶಗಳಿಂದ ದಕ್ಕುವುದು ಹೆಚ್ಚೆಂದರೆ 25 ಕಿಲೋಮೀಟರ್. ಜಾಹೀರಾತಿನಲ್ಲಿ ಮಿಂಚುವುದು ಮಾತ್ರ ಅವೇ.

ಸಾಫ್ಟ್‌ವೇರ್ ಆರು ತಿಂಗಳು ಕಾಯಲಿ. ಮಾಡೆಲಿಂಗ್ ಕ್ಲೇ, ಒಂದು ಚಾಕು, ಒಂದು ಉಂಡೆ ಉಣ್ಣೆ ತನ್ನಿ. ಮಾದರಿ ಸಿದ್ಧವಾದ ಮೇಲೆ ಮೈಯನ್ನೆಲ್ಲ ಎಷ್ಟು ಬೇಕಾದರೂ ನುಣುಪು ಮಾಡಿ, ಹಿಂದಿನ ಅಂಚಿಗೆ ಮಾತ್ರ ಉಜ್ಜುಕಾಗದ ತಾಗಿಸಬೇಡಿ.