ಆಪ್ತಸಮಾಲೋಚಕರು ಕೋಚ್ ಆಗಲು: ಪದವಿಗೆ ರಿಯಾಯಿತಿ ಎಲ್ಲಿದೆ, ಎಲ್ಲಿಲ್ಲ?

ಪ್ರಶ್ನೆ: ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಇದೆ. ಆರು ವರ್ಷದಿಂದ ಕಾಲೇಜೊಂದರಲ್ಲಿ ಕೆಲಸ. ಕೋಚಿಂಗ್ ಪ್ರಮಾಣಪತ್ರಕ್ಕೆ ಮೊದಲಿನಿಂದ ತರಬೇತಿ ಬೇಕೆ? ಹಳೆಯ ಸೆಷನ್‌ಗಳು ಲೆಕ್ಕಕ್ಕೆ ಬರುತ್ತವೆಯೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇಲ್ಲಿ ಕೋಚಿಂಗ್ ಎಂದರೆ ಪರೀಕ್ಷೆಯ ಪಾಠವಲ್ಲ, ಕ್ಲೈಂಟ್ ತನ್ನ ಗುರಿ ತಲುಪಲು ಮಾತುಕತೆಯಿಂದ ನೆರವಾಗುವ ಕೆಲಸ. ಕೆಳಗಿನ ಎರಡು ದಾರಿಗಳಲ್ಲೂ ಸಮಾಲೋಚನೆಯ ಹಳೆಯ ಸೆಷನ್‌ಗಳು ಲೆಕ್ಕಕ್ಕೆ ಬರುವುದಿಲ್ಲ. ಪದವಿಗೆ ಬೆಲೆ ಇರುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ.

ಅಮೆರಿಕದ ಸೆಂಟರ್ ಫಾರ್ ಕ್ರೆಡೆನ್ಶಿಯಲಿಂಗ್ ಆ್ಯಂಡ್ ಎಜುಕೇಶನ್ ಕೊಡುವ ಬಿಸಿಸಿ (ಬೋರ್ಡ್ ಸರ್ಟಿಫೈಡ್ ಕೋಚ್) ಪ್ರಮಾಣಪತ್ರಕ್ಕೆ ಬರೀ ಪದವೀಧರರು 120 ಗಂಟೆ ಕೋಚಿಂಗ್ ತರಬೇತಿ ಪಡೆಯಬೇಕು. ಅರ್ಹತೆ ಪಡೆದ ಆಪ್ತಸಮಾಲೋಚಕರಿಗೆ 30 ಗಂಟೆ ಸಾಕು. ನಿಮ್ಮ ಪದವಿ ಅವರ ವ್ಯಾಖ್ಯೆಗೆ ಹೊಂದುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಅವರಿಂದ ಬರಹದಲ್ಲಿ ಪಡೆಯಿರಿ.

1995ರಲ್ಲಿ ಶುರುವಾದ ಇಂಟರ್‌ನ್ಯಾಶನಲ್ ಕೋಚಿಂಗ್ ಫೆಡರೇಶನ್‌ನಲ್ಲಿ ಈ ರಿಯಾಯಿತಿ ಇಲ್ಲ. ಅದರ ಪ್ರಮಾಣಪತ್ರಗಳ ಮೊದಲ ಹಂತವಾದ ಎಸಿಸಿಗೆ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ಎಲ್ಲರಿಗೂ 60 ಗಂಟೆ ತರಬೇತಿ, ಕನಿಷ್ಠ 3 ತಿಂಗಳಲ್ಲಿ ಹರಡಿದ 10 ಗಂಟೆ ಮೆಂಟರ್ ಕೋಚಿಂಗ್ (ಅನುಭವಿ ಕೋಚ್ ನಿಮ್ಮ ಕೋಚಿಂಗ್ ಗಮನಿಸಿ ತಿದ್ದುವುದು), ಕನಿಷ್ಠ 8 ಕ್ಲೈಂಟ್‌ಗಳೊಂದಿಗೆ 100 ಗಂಟೆ ಅನುಭವ, ಕೊನೆಗೆ ಪರೀಕ್ಷೆ. ಆ ನೂರರಲ್ಲಿ 75 ಗಂಟೆ ಹಣ ಪಡೆದು ಮಾಡಿರಬೇಕು. ಮೊತ್ತ ಎಷ್ಟೇ ಇರಲಿ; ಹಣದ ಬದಲು ಬೇರೆ ಸೇವೆ ಪಡೆದರೂ ನಡೆಯುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ: ಮೊದಲ ವರ್ಷವೆಲ್ಲ ಪುಕ್ಕಟೆ ಮಾಡಿ, ಅರ್ಜಿ ಹಾಕುವಾಗ ಗಾಬರಿಯಾಗುತ್ತಾರೆ. ಇನ್ನೊಂದು, ತರಬೇತಿ ಶುರುವಾದ ಮೇಲಿನ ಗಂಟೆಗಳಷ್ಟೇ ಲೆಕ್ಕಕ್ಕೆ. ಮೊದಲ ದಿನದಿಂದಲೇ ಕ್ಲೈಂಟ್ ಒಪ್ಪಿಗೆ ಪಡೆದು ಹೆಸರು, ದಿನಾಂಕ, ಗಂಟೆ, ಹಣ ಬಂತೋ ಇಲ್ಲವೋ ಬರೆದಿಡಿ.

ತರಬೇತಿ ಸಂಸ್ಥೆಯನ್ನು ಆರಿಸುವಾಗ ಮೆಂಟರ್ ಕೋಚಿಂಗ್ ಶುಲ್ಕದಲ್ಲೇ ಸೇರಿದೆಯೇ ಕೇಳಿ. ಸೇರದಿದ್ದರೆ ಆ ಹತ್ತು ಗಂಟೆಗೆ ಬೇರೆ ಖರ್ಚು.

ಅಭ್ಯಾಸದಲ್ಲಿ ನಿಮ್ಮಂಥವರಿಗೆ ಕಷ್ಟ ಬೇರೆಯೇ. ನೋವಿನ ಮೂಲ ಹುಡುಕುವುದು ನಿಮಗೆ ರೂಢಿ. ಕೋಚ್ ಕೇಳಬೇಕಾದದ್ದು, ‘ಇವತ್ತಿನ ಮಾತಿನಿಂದ ನಿಮಗೆ ಏನು ಬೇಕು?’ ಮೌಲ್ಯಮಾಪನಕ್ಕೆ ಕೊಡುವ ಕೋಚಿಂಗ್ ಸೆಷನ್‌ನ ಧ್ವನಿಮುದ್ರಣದಲ್ಲಿ ಬಾಲ್ಯ, ರೋಗಲಕ್ಷಣಗಳ ವಿಚಾರಣೆಯೇ ತುಂಬಿದ್ದರೆ ಅದು ಚಿಕಿತ್ಸೆಯಂತೆ ಕೇಳಿಸುತ್ತದೆ, ಅಂಕ ಹೋಗುತ್ತದೆ. ಆದರೆ ಗಮನಕೊಟ್ಟು ಕೇಳುವ ನಿಮ್ಮ ಕಸುಬು ಇಲ್ಲಿ ದೊಡ್ಡ ಆಸ್ತಿ, ಅದನ್ನು ಬಿಡಬೇಡಿ.

ಪ್ರಶ್ನೆ: ನನ್ನ ಹಳೆಯ ಕ್ಲೈಂಟ್‌ಗಳಿಗೇ ಕೋಚಿಂಗ್ ಕೊಡಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ಒಬ್ಬರಿಗೇ ಎರಡೂ ಏಕಕಾಲಕ್ಕೆ ಬೇಡ. ಸಮಾಲೋಚನೆ ಮುಗಿದಿರಲಿ, ಕೋಚಿಂಗ್‌ಗೆ ಹೊಸ ಒಪ್ಪಂದಪತ್ರ ಇರಲಿ. ಧಾರವಾಡದ ಕಡೆ ಕೋಚಿಂಗ್ ಎಂದರೆ ಪರೀಕ್ಷೆಯ ಪಾಠ ಎಂದೇ ತಿಳಿಯುವುದರಿಂದ ಇದು ಏನು, ಏನಲ್ಲ ಎಂದು ಅದರಲ್ಲಿ ಬರೆಯಿರಿ. ನಡುವೆ ಆತ್ಮಹತ್ಯೆಯ ಮಾತು ಬಂದರೆ ಕೋಚಿಂಗ್ ನಿಲ್ಲಿಸಿ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಇದೆ.