ಟಿವಿ ಹಾಕದಿದ್ದರೆ ಎರಡೂವರೆ ವರ್ಷದ ಮಗಳು ಊಟ ಮಾಡಲ್ಲ, ಏನು ಮಾಡಲಿ?

ಮೊದಲು ಊಟದ ಹೊತ್ತಿಗೆ ಟಿವಿ ನಿಲ್ಲಿಸಿ. ಟಿವಿ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ, ಸುಮ್ನೆ ಬಾಯಿ ತೆರೆಯುತ್ತಿರುತ್ತದೆ. ಕೆಲವು ದಿನ ಅಳಬಹುದು, ಕಡಿಮೆ ತಿನ್ನಬಹುದು. ಗಟ್ಟಿಯಾಗಿರಿ. ಎಲ್ಲರ ಜೊತೆ ಕೂರಿಸಿ, ಸಾರನ್ನ ಕಲಸಿ ತಟ್ಟೆ ಅವಳ ಮುಂದಿಡಿ, ಅವಳ ಕೈಯಿಂದಲೇ ತಿನ್ನಲಿ. ಚೆಲ್ಲಿದರೆ ಒರೆಸಿದರಾಯ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: 2 ವರ್ಷದೊಳಗೆ ಟಿವಿ, ಮೊಬೈಲ್ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆ ಹೊತ್ತಲ್ಲಿ ನೀವೂ ಪಕ್ಕದಲ್ಲಿ ಕೂತು 'ಆನೆ ಎಲ್ಲಿ ಹೋಯ್ತು?' ಅಂತ ಕೇಳಿ. ಈ ವಯಸ್ಸಿನ ಮಕ್ಕಳು ಮಾತು ಜಾಸ್ತಿ ಕಲಿಯುವುದು ಹೀಗೆ ಎದುರುಬದುರು ಮಾತಾಡುವಾಗಲೇ ಅಲ್ವಾ? ದೊಡ್ಡವರ ಧಾರಾವಾಹಿಯನ್ನೂ ಅವಳು ಮಲಗಿದ ಮೇಲೆ ಹಾಕಿಕೊಳ್ಳಿ.